ಊರಿನಲ್ಲೇ ಇದ್ದು ನಾಟಕ ಕಲಿಸಿ, ನಾಟಕ ಬರೆದು ಬದುಕಬಹುದೇ?

ಬಾಗಲಕೋಟೆ ಜಿಲ್ಲೆಯನ್ನು ಬಿಡದೆ ನಾಟಕದ ಶಿಕ್ಷಕರಾಗಿಯೂ ನಾಟಕಕಾರರಾಗಿಯೂ ಬದುಕು ಕಟ್ಟಿಕೊಳ್ಳಬಹುದೇ, ಅದಕ್ಕೆ ಏನು ಓದಬೇಕು ಎಂದು ಕೇಳಿದ್ದೀರಿ. ಇಲ್ಲಿನ ಶಾಲೆಗಳಲ್ಲಿ ಇದೇ ಕೆಲಸ ಮಾಡಿಕೊಂಡಿರುವ ನನ್ನ ಉತ್ತರ: ಬದುಕಬಹುದು, ಆದರೆ ಹೊಟ್ಟೆ ತುಂಬಿಸುವುದು ಕಲಿಸುವ ಕೆಲಸವೇ ಹೊರತು ಬರವಣಿಗೆಯಲ್ಲ.

ಈ ಮಾತಿಗೆ ಅನೇಕರು ಬೆಳಗಾವಿ ಜಿಲ್ಲೆಯ ಘೋಡಗೇರಿಯ ನಾಟಕಕಾರ ಚಂದ್ರಶೇಖರ ಕಂಬಾರರ ಹೆಸರು ಹೇಳಿ ಆಕ್ಷೇಪಿಸುತ್ತಾರೆ. ಆದರೆ 1972ರಲ್ಲಿ 'ಜೋಕುಮಾರಸ್ವಾಮಿ' ನಾಟಕವನ್ನು ಕೊಟ್ಟ ಕಂಬಾರರು ಬಹುಕಾಲ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು ಎಂಬುದನ್ನು ಹಾಗೆ ಆಕ್ಷೇಪಿಸುವವರು ಮರೆಯುತ್ತಾರೆ. ಹಿಂದಿನ ತಲೆಮಾರಿನ ನಾಟಕಕಾರ ಕಂದಗಲ್ಲ ಹನುಮಂತರಾಯರಂಥವರಿಗೆ ವೃತ್ತಿ ನಾಟಕ ಕಂಪನಿಗಳ ಆಸರೆಯಿತ್ತು. ಇಂದು ಆ ಜಾಗದಲ್ಲಿರುವುದು ಶಾಲೆಗಳ ಗ್ಯಾದರಿಂಗ್ (ವಾರ್ಷಿಕೋತ್ಸವ) ಮತ್ತು ಬೇಸಿಗೆ ಶಿಬಿರ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆಗಳು ಬೆರಳೆಣಿಕೆಯಷ್ಟು. ಮಳೆಗಾಲದ ತಿಂಗಳುಗಳಲ್ಲಿ ಕೈ ಬರಿದಾಗಿರುತ್ತದೆಂದು ತಿಳಿದೇ ಬನ್ನಿ.

ತರಬೇತಿಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಶಿಕ್ಷಣವಿದೆ. ಮರಳಿ ಊರಿಗೇ ಬರುವವರಿಗೆ, ನನ್ನ ಅಭಿಪ್ರಾಯದಲ್ಲಿ, 1980ರಲ್ಲಿ ಆರಂಭವಾದ, ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವೇ ಹೆಚ್ಚು ಒಗ್ಗುತ್ತದೆ. ಪ್ರಮಾಣಪತ್ರದಿಂದ ನಟನೆ ಬರದಿದ್ದರೂ ಮುಖ್ಯೋಪಾಧ್ಯಾಯರ ನಂಬಿಕೆಯಂತೂ ಬರುತ್ತದೆ.

ಬರವಣಿಗೆಯನ್ನು ಮಾತ್ರ ತರಗತಿಯೇ ಕಲಿಸುತ್ತದೆ. ಅಚ್ಚಾದ ನಾಟಕಗಳಲ್ಲಿ ಪಾತ್ರಗಳು ಕಡಿಮೆ, ತರಗತಿಯಲ್ಲಿ ಮಕ್ಕಳು ಹೆಚ್ಚು. ಯಾರನ್ನೂ ಪರದೆಯ ಹಿಂದೆ ಕೂರಿಸಲಾಗದ ಆ ಇಕ್ಕಟ್ಟಿನಲ್ಲೇ ನಾನು ಮೇಳಕ್ಕೆ, ಅಂದರೆ ಗುಂಪಾಗಿ ಆಡುವ ಪಾತ್ರಗಳಿಗೆ, ಬರೆಯುವುದನ್ನು ಕಲಿತೆ. ಬಯಲಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು "ತಾವು ಯಾರು, ಬಂದ ಕಾರಣವೇನು" ಎಂದು ಕೇಳಿ ಮಾತಿಗೆಳೆಯುವ ಪದ್ಧತಿಯಿದೆಯಲ್ಲ, ಅದನ್ನೇ ತಾಲೀಮಿಗೆ ತಂದು, ಮಕ್ಕಳು ತಮ್ಮ ಮನೆಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಬರೆದಿಟ್ಟುಕೊಂಡರೆ ಸಂಭಾಷಣೆಯ ಅರ್ಧ ಅಲ್ಲೇ ಸಿದ್ಧವಾಗಿರುತ್ತದೆ. ಗ್ರಂಥಸ್ಥ ಭಾಷೆಯಲ್ಲಿ ತೊದಲುವ ಹುಡುಗಿ "ಯಾಕ್ ಬಂದಿ ಅಂತ ನೀ ಯಾರ್ ಕೇಳಾಕ?" ಎಂದು ತಿರುಗಿ ಬೀಳುವಾಗ ತೊದಲುವುದಿಲ್ಲ. ಜಾತ್ರೆಯ ನಾಟಕ ಕಲಿಸುವ ಹಳ್ಳಿಯ ಮಾಸ್ತರರು ಪಾತ್ರಧಾರಿಯ ನಾಲಿಗೆಗೆ ಒಗ್ಗದ ಮಾತನ್ನು ಪೇಟಿಯ (ಹಾರ್ಮೋನಿಯಂ) ಮುಂದೆ ಕುಳಿತಲ್ಲೇ ಬದಲಿಸುತ್ತಾರೆ. ಯಾವ ಸಂಸ್ಥೆಗೆ ಹೋಗುವ ಮೊದಲೂ ಅಂಥವರೊಬ್ಬರ ತಾಲೀಮಿನಲ್ಲಿ ಒಂದು ಹಂಗಾಮು ಕುಳಿತುಕೊಳ್ಳಿ.

ಇನ್ನು ಹಣದ ವಿಷಯ. ತಾಲೀಮಿನ ಸಂಭಾವನೆಯನ್ನೂ ಬರವಣಿಗೆಯ ಸಂಭಾವನೆಯನ್ನೂ ಮೊದಲೇ ಬೇರೆಬೇರೆಯಾಗಿ ಮಾತಾಡಿ. ಎರಡನ್ನೂ ಕೂಡಿಸಿದರೆ ಬರೆದದ್ದು ಪುಕ್ಕಟೆ ಎಂದೇ ಲೆಕ್ಕ. ಹಸ್ತಪ್ರತಿಯ ಮೊದಲ ಪುಟದಲ್ಲಿ ನಿಮ್ಮ ಹೆಸರು ಮತ್ತು ವರ್ಷ ಹಾಕಿ, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಂಡೇ ಶಾಲೆಗೆ ಕೊಡಿ.