‘ನಾಲ್ಕನೇ ಗೋಡೆ’ ಎಂದರೇನು? ಯಕ್ಷಗಾನದಲ್ಲಿ ಅದು ಇದೆಯೇ?

ವೇದಿಕೆಗೆ ಹಿಂದೆ ಒಂದು, ಅಕ್ಕಪಕ್ಕ ಎರಡು ಗೋಡೆ. ಪ್ರೇಕ್ಷಕರ ಕಡೆಗಿರುವ ನಾಲ್ಕನೆಯದು ಬರೀ ಕಲ್ಪನೆ. ವೇದಿಕೆಯ ಅಂಚಿನಲ್ಲಿ ದೊಡ್ಡ ಗೋಡೆಯಿದೆ ಎಂದುಕೊಂಡು, ಪರದೆ ಮೇಲೆದ್ದೇ ಇಲ್ಲವೆಂಬಂತೆ ಅಭಿನಯಿಸಿ ಎಂದು ಫ್ರಾನ್ಸಿನ ಚಿಂತಕ ದಿದೆರೊ 1758ರಲ್ಲೇ ನಟರಿಗೆ ಹೇಳಿದ್ದ. ಪಾತ್ರವು ಜನರತ್ತ ತಿರುಗಿ ಮಾತಾಡಿದರೆ ಗೋಡೆ ಒಡೆಯಿತು ಎನ್ನುತ್ತಾರೆ.

ನಾನು ಕಾಸರಗೋಡಿನ ಕುಂಬಳೆಯ ಕಡೆಯವನು. ಬಯಲಲ್ಲಿ ಆಡುವ ನಮ್ಮ ಯಕ್ಷಗಾನದಲ್ಲಿ, ಅಂದರೆ ಬಯಲಾಟದಲ್ಲಿ, ಒಡೆಯುವ ಮಾತೇ ಬರುವುದಿಲ್ಲ. ಗೋಡೆಯನ್ನು ಯಾರೂ ಕಟ್ಟಿಲ್ಲ.

ನನಗೆ ಏಳು ವರ್ಷ. ಕೊಯ್ಲಾದ ಗದ್ದೆಯಲ್ಲಿ ‘ದೇವಿಮಹಾತ್ಮೆ’. ಅಜ್ಜಿಯ ಪಕ್ಕ ಚಾಪೆಯ ಮೇಲೆ ತೂಕಡಿಸುತ್ತಿದ್ದೆ. ಬೆನ್ನ ಹಿಂದಿನಿಂದ ಬೊಬ್ಬೆ ಕೇಳಿಸಿತು. ತಿರುಗಿದರೆ ದೊಂದಿಯ ಬೆಳಕಿನಲ್ಲಿ ಎರಡು ಕೊಂಬು! ಮಹಿಷಾಸುರ ಕಡಲೆ ಮಾರುವವನ ಪಕ್ಕದಿಂದ, ಜನರ ನಡುವೆ ನುಗ್ಗಿ ಬರುತ್ತಿದ್ದ. ರಾಳ ಎರಚಿದಾಗ ಭುಗ್ಗೆಂದ ಬೆಂಕಿಯ ಬಿಸಿ ನನ್ನ ಕೆನ್ನೆಗೆ ತಾಗಿತು. ಅದೇ ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಅಕ್ಕಿಹಿಟ್ಟಿನ ಚುಕ್ಕೆಗಳ ಚಿಟ್ಟಿ ಇಡುತ್ತಿದ್ದುದನ್ನು ಸಂಜೆಯಷ್ಟೇ ನೋಡಿ ಬಂದಿದ್ದೆ. ಆದರೂ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದೆ.

ನಾಟಕವೆಂಬುದನ್ನು ಮರೆಮಾಚಿದರಷ್ಟೇ ಜನ ನಂಬುತ್ತಾರೆ ಎಂಬುದನ್ನು ನಾನು ಒಪ್ಪದಿರುವುದು ಇದಕ್ಕೇ. ನಮ್ಮಲ್ಲಿ ಮರೆಮಾಚುವುದಕ್ಕೆ ಏನೂ ಇಲ್ಲ. ಹಾಡಿ ಆಟ ನಡೆಸುವ ಭಾಗವತರು ಎಲ್ಲರೆದುರು ಕುಳಿತು ಮುಂದಾಗುವುದನ್ನು ಪದದಲ್ಲಿ ಹೇಳಿಯೇಬಿಡುತ್ತಾರೆ, ವೇಷದೊಡನೆ ಮಾತಿಗೂ ಇಳಿಯುತ್ತಾರೆ. ಹಾಡು, ಮಾತುಗಳಲ್ಲೇ ನಡೆಯುವ ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕುಳಿತವರು ‘ನಾನು ವಾಲಿ’ ಎಂದರೆ ವಾಲಿಯೇ.

ನಮ್ಮೂರ ದೇವಸ್ಥಾನದಲ್ಲಿ ಒಮ್ಮೆ ‘ವಾಲಿವಧೆ’ಯ ಕೂಟವಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನು ಕೇಳುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಅಜ್ಜಿ ತಡೆಯಲಾರದೆ, “ಅವ ಕೇಳುವುದರಲ್ಲಿ ತಪ್ಪೇನುಂಟು?” ಎಂದುಬಿಟ್ಟರು. ವಾಲಿಯ ಮಾತಾಡುತ್ತಿದ್ದ ಅರ್ಥಧಾರಿ ಅವರತ್ತ ನೋಡಿ ಕೈಮುಗಿದರು. ಮತ್ತೆ ರಾಮನ ಕಡೆ ತಿರುಗಿ, “ನೋಡು, ಲೋಕವೂ ಇದನ್ನೇ ಕೇಳುತ್ತಿದೆ” ಎಂದರು. ದನಿ ವಾಲಿಯದೇ ಆಗಿತ್ತು.