ಗಂಟೆಗಳ ಲೆಕ್ಕಕ್ಕೆ ಟರ್ಮಿನಲ್ ಸಾಕೇ?

ಪ್ರಶ್ನೆ: ಮನೆಯಿಂದಲೇ ಹಲವು ಗ್ರಾಹಕರಿಗೆ ಗಂಟೆಯ ದರದಲ್ಲಿ ಪ್ರೋಗ್ರಾಮಿಂಗ್ ಮಾಡಿಕೊಡುತ್ತೇನೆ. ಕಂಪ್ಯೂಟರಿಗೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿಯೇ ಸಮಯದ ಲೆಕ್ಕ ಇಡಬಹುದೇ? ನಡುವೆ ಕರೆಂಟ್ ಹೋದರೆ ಅದು ಅಳಿಸಿಹೋಗುವುದೇ?
– ಓದುಗರೊಬ್ಬರು, ಬೀದರ್

ಉತ್ತರ: ಇಡಬಹುದು. ಟೈಮ್‌ವಾರಿಯರ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದಕ್ಕೆಂದೇ ಇದೆ. ‘ಟೈಮ್‌ಡಬ್ಲ್ಯೂ ಸ್ಟಾರ್ಟ್’ (timew start) ಆದೇಶದ ಮುಂದೆ ‘ಕಿರಾಣಿ-ಬಿಲ್ಲಿಂಗ್’ ಎಂಬಂತಹ ಗುರುತು ಬರೆದರೆ ಎಣಿಕೆ ಆರಂಭವಾಗುತ್ತದೆ. ‘ಸ್ಟಾಪ್’ ಎಂದರೆ ನಿಲ್ಲುತ್ತದೆ. ‘ಸಮರಿ’ಗೆ ‘:ವೀಕ್’ ಸೇರಿಸಿದರೆ ವಾರದ ಪಟ್ಟಿ ಬರುತ್ತದೆ.

ಕರೆಂಟಿನ ವಿಷಯಕ್ಕೆ ಬಂದರೆ, ಈ ತಂತ್ರಾಂಶವು ಹಿನ್ನೆಲೆಯಲ್ಲಿ ಓಡುತ್ತಿರುವುದಿಲ್ಲ. ಆರಂಭದ ವೇಳೆಯನ್ನು ನಿಮ್ಮ ಕಂಪ್ಯೂಟರಿನಲ್ಲಿರುವ ಸರಳ ಪಠ್ಯ ಕಡತದಲ್ಲಿ ಆಗಲೇ ಬರೆದಿಟ್ಟಿರುವುದರಿಂದ ಯಂತ್ರ ಆರಿದರೂ ಆ ದಾಖಲೆ ಸಾಮಾನ್ಯವಾಗಿ ಉಳಿದಿರುತ್ತದೆ. ತೊಡಕು ಬೇರೆಯೇ ಇದೆ: ನೀವು ನಿಲ್ಲಿಸುವವರೆಗೆ ಕತ್ತಲಲ್ಲಿ ಕುಳಿತ ಹೊತ್ತೂ ಕೆಲಸವೆಂದೇ ಎಣಿಕೆಯಾಗುತ್ತದೆ, ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸುವುದು ಸರಿಯಲ್ಲ. ಕರೆಂಟ್ ಬಂದೊಡನೆ ಮೊದಲು ‘ಸ್ಟಾಪ್’ ಕೊಟ್ಟು, ಬಳಿಕ ‘ಟೈಮ್‌ಡಬ್ಲ್ಯೂ ಮಾಡಿಫೈ ಎಂಡ್ @1 16:30’ ಎಂಬ ರೀತಿಯಲ್ಲಿ ನಿಜವಾಗಿ ಕೆಲಸ ನಿಂತ ವೇಳೆಯನ್ನು ನಮೂದಿಸಿರಿ. ಇಲ್ಲಿ @1 ಎಂದರೆ ಇತ್ತೀಚಿನ ದಾಖಲೆ. ಆರಂಭಿಸಲು ಮರೆತ ಕೆಲಸವನ್ನು ‘ಟ್ರ್ಯಾಕ್’ ಆದೇಶದಿಂದ ಆಮೇಲೆ ಸೇರಿಸಬಹುದು. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.