ಅನಿಸದ ಕೊರತೆ

ಮಾನ್ಯರೇ,

‘ಹತ್ತನೆಯ ತರಗತಿಗೇ ಓದು ಬಿಡಿಸಿದರು, ಇಷ್ಟು ವರ್ಷಗಳಲ್ಲಿ ಏನನ್ನೋ ಕಳೆದುಕೊಂಡೆನೆಂದು ಒಂದು ದಿನವೂ ಅನಿಸಿಲ್ಲ. ಇಲ್ಲದ ದುಃಖವನ್ನು ನಿಮ್ಮ ಲೇಖನಗಳು ನಮ್ಮ ತಲೆಗೇಕೆ ಕಟ್ಟುತ್ತವೆ?’ ಎಂದು ಕೇಳಿದ್ದೀರಿ. ನಿಮ್ಮ ನೆಮ್ಮದಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅನಿಸದ ಮಾತ್ರಕ್ಕೆ ಕೊರತೆಯೇ ಇರಲಿಲ್ಲ ಎಂಬುದನ್ನು ಒಪ್ಪಲಾರೆ.

ರಸಾಯನ ವಿಜ್ಞಾನಿ ಜಾನ್ ಡಾಲ್ಟನ್‌ಗೆ ತನ್ನ ಕಣ್ಣು ಕೆಲವು ಬಣ್ಣಗಳನ್ನು ಗುರುತಿಸುವುದಿಲ್ಲ ಎಂಬುದು ಇಪ್ಪತ್ತಾರು ವರ್ಷವಾಗುವವರೆಗೂ ತಿಳಿದಿರಲಿಲ್ಲ. ಕೆಲವು ಬಣ್ಣಗಳಿಗೆ ಜನರೇ ಸರಿಯಾಗಿ ಹೆಸರಿಟ್ಟಿಲ್ಲ ಎಂದು ಅವನು ಭಾವಿಸಿದ್ದ. 1792ರಲ್ಲಿ, ಹಗಲಲ್ಲಿ ತನಗೆ ಆಕಾಶನೀಲಿಯಾಗಿ ಕಂಡಿದ್ದ ಜೆರೇನಿಯಂ ಹೂವನ್ನು ಮೇಣದಬತ್ತಿಯ ಬೆಳಕಿನಲ್ಲಿ ನೋಡಿದಾಗ ಅದು ಕೆಂಪಾಗಿ ಕಂಡಿತು. ಬೆರಗಾಗಿ ಗೆಳೆಯರನ್ನು ಕೇಳಿದರೆ, ಅವರಿಗೆ ಅಂಥ ಬದಲಾವಣೆಯೇನೂ ಕಾಣಲಿಲ್ಲ; ಕಂಡದ್ದು ಅವನ ಸ್ವಂತ ಸಹೋದರನಿಗೆ ಮಾತ್ರ. ಆ ಹೂವು ಕಣ್ಣಿಗೆ ಬೀಳದಿದ್ದರೆ, ಬುದ್ಧಿವಂತನಾದ ಅವನೂ ಲೋಕದ್ದೇ ತಪ್ಪೆಂದು ನಂಬಿಕೊಂಡೇ ಇರುತ್ತಿದ್ದನೇನೋ. ಹುಟ್ಟಿನಿಂದ ಒಂದೇ ಬಗೆಯ ನೋಟ ಇರುವವರಿಗೆ ಅದನ್ನು ಹೋಲಿಸಿ ನೋಡಲು ಇನ್ನೊಂದು ನೋಟ ಎಲ್ಲಿಂದ ಬರಬೇಕು?

ಕಣ್ಣಿನ ಮಾತು ಹಾಗಿರಲಿ, ದೇಹದ ನೋವಿನ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಬಂಗಾಳದ ಮಹಾಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ನಡೆದ ಆರೋಗ್ಯ ಸಮೀಕ್ಷೆಯಲ್ಲಿ ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದ ವಿಧುರರು ಶೇ. 48.5; ವಿಧವೆಯರು ಶೇ. 2.5 ಮಾತ್ರ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಅಂಕಿಗಳನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದು, ಆ ಹೆಂಗಸರು ಗಟ್ಟಿಮುಟ್ಟಾಗಿದ್ದರು ಎನ್ನಲು ಅಲ್ಲ. ಸುಸ್ತು, ಹಸಿವು, ನೋವುಗಳನ್ನು ಬಾಳಿನ ಭಾಗವೆಂದೇ ಒಪ್ಪಿಕೊಂಡವರು ಅವನ್ನು ದೂರಾಗಿ ಹೇಳುವುದಿಲ್ಲ ಎನ್ನಲು. ಆ ಶೇ. 2.5 ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗೆಂದು, ನಿಮ್ಮ ಬದುಕಿನಲ್ಲಿ ಏನು ಕಡಿಮೆಯಾಯಿತೆಂದು ದೂರದಲ್ಲಿ ಕುಳಿತ ಸಂಪಾದಕ ತೀರ್ಪು ಕೊಡುವುದೂ ಸರಿಯಲ್ಲ. ಆ ಎಚ್ಚರ ನಮ್ಮ ಲೇಖನದಲ್ಲಿ ತಪ್ಪಿದ್ದರೆ ಕ್ಷಮೆ ಕೇಳುತ್ತೇನೆ. ಎರಡು ದಾರಿಗಳನ್ನೂ ಕಂಡವರು ಒಂದನ್ನು ಬೇಡವೆಂದರೆ ಅದು ಆಯ್ಕೆ. ಕಾಣುವ ಮೊದಲೇ ಒಂದು ದಾರಿ ಮುಚ್ಚಿಹೋಗಿದ್ದರೆ, ಉಳಿದದ್ದೇ ಸಾಕೆಂಬ ತೃಪ್ತಿಯನ್ನು ನಾನು ಆಯ್ಕೆಯೆಂದು ಕರೆಯಲಾರೆ.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಮಾತಿದೆ: ‘ಮನೆಯ ಕಾಗದಪತ್ರಗಳನ್ನೆಲ್ಲ ಮಗ ನೋಡಿಕೊಳ್ಳುತ್ತಾನೆ, ತೋರಿಸಿದಲ್ಲಿ ಸಹಿ ಹಾಕುತ್ತೇನೆ.’ ಇಷ್ಟು ಸ್ಪಷ್ಟವಾಗಿ ನಾಲ್ಕು ಪುಟ ಬರೆಯಬಲ್ಲ ನೀವು ಮುಂದಿನ ಸಲ ಸಹಿ ಹಾಕುವ ಮುನ್ನ ಆ ಕಾಗದವನ್ನು ಪೂರ್ತಿ ಓದಿ, ಅರ್ಥವಾಗದ ಕಡೆ ಮಗನನ್ನು ಕೇಳಿ. ಆಗ ಏನನಿಸಿತೆಂದು ನನಗೆ ಬರೆಯಿರಿ. ಏನೂ ಅನಿಸದಿದ್ದರೆ ಅದನ್ನೂ ಬರೆಯಿರಿ, ಪ್ರಕಟಿಸುತ್ತೇನೆ.

— ಸಂಪಾದಕ